ಹತ್ತು ಸಂಖ್ಯಾನ, ಎಂಟು ವ್ಯವಹಾರ: ಜೈನ ಪರಂಪರೆಯಲ್ಲಿ ಗಣಿತದ ವಿಭಾಗಕ್ರಮ

ಗಣಿತವನ್ನು ಅಂಕಗಣಿತ, ಬೀಜಗಣಿತ, ರೇಖಾಗಣಿತ ಎಂದು ಮೂರು ಶಾಖೆಗಳಾಗಿ ವಿಂಗಡಿಸುವುದು ಇಂದಿನ ವಿದ್ಯಾವಂತರೆಲ್ಲರಿಗೂ ಶಾಲೆಯಿಂದಲೇ ರೂಢಿಯಾದ ಕ್ರಮ. ಈ ವಿಂಗಡಣೆ ಗಣಿತದ ಸ್ವಭಾವದಲ್ಲಿಯೇ ಅಡಗಿರುವಂತೆ ತೋರುತ್ತದೆ. ಆದರೆ ಈ ಮೂರು ಹೆಸರುಗಳು ಒಂದೇ ಕಾಲದವಲ್ಲ, ಒಂದೇ ಮೂಲದವೂ ಅಲ್ಲ. ‘ಬೀಜಗಣಿತ’ವು 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ ‘ಸಿದ್ಧಾಂತಶಿರೋಮಣಿ’ಯ ಒಂದು ಭಾಗದ ಹೆಸರಾಗಿ ಪ್ರಸಿದ್ಧಿಗೆ ಬಂದಿತು. ‘ರೇಖಾಗಣಿತ’ವು ಹದಿನೆಂಟನೆಯ ಶತಮಾನದಲ್ಲಿ ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಸಮ್ರಾಟನು ಯೂಕ್ಲಿಡನ ಗ್ರಂಥವನ್ನು ಅರಬ್ಬಿಯಿಂದ ಸಂಸ್ಕೃತಕ್ಕೆ ತಂದಾಗ ಅದಕ್ಕಿಟ್ಟ ಹೆಸರು. ಇಂದು ಅಂಕಗಣಿತವೆನ್ನುವುದನ್ನು ಪ್ರಾಚೀನರು ಬಹುಮಟ್ಟಿಗೆ ಪಾಟೀಗಣಿತವೆಂದು, ಅಂದರೆ ಹಲಗೆಯ ಮೇಲೆ ಮಾಡುವ ಗಣಿತವೆಂದು ಕರೆದರು. ಹೀಗಿರುವಾಗ, ಈ ಮೂರು ಕೋಣೆಗಳ ಮನೆ ಕಟ್ಟುವ ಮೊದಲು ಗಣಿತದ ವಿಷಯಗಳು ಯಾವ ಯಾವ ತಲೆಬರಹಗಳ ಕೆಳಗೆ ವಾಸವಾಗಿದ್ದವು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಜೈನ ಪರಂಪರೆಯ ಶಾಸ್ತ್ರಗ್ರಂಥಗಳು ಇದಕ್ಕೆ ಒಂದಲ್ಲ, ಹಲವು ಉತ್ತರಗಳನ್ನು ಕೊಡುತ್ತವೆ. ಆ ಉತ್ತರಗಳನ್ನು ಇಂದಿನ ಶಾಖೆಗಳಿಗೆ ಅವಸರದಿಂದ ಹೊಂದಿಸಿದಾಗ ಏನು ಕಳೆದುಹೋಗುತ್ತದೆ ಎಂಬುದೇ ಇಲ್ಲಿನ ವಿಚಾರ.

ಸ್ಥಾನಾಂಗಸೂತ್ರದ ಹತ್ತು

ಶ್ವೇತಾಂಬರ ಆಗಮಗಳಲ್ಲಿ ಮೂರನೆಯ ಅಂಗವಾದ ಸ್ಥಾನಾಂಗಸೂತ್ರವು ಸಂಖ್ಯಾನವನ್ನು, ಎಂದರೆ ಗಣಿತವನ್ನು, ಹತ್ತು ವಿಧವೆಂದು ಹೇಳುತ್ತದೆ: ಪರಿಕರ್ಮ, ವ್ಯವಹಾರ, ರಜ್ಜು, ರಾಶಿ, ಕಲಾಸವರ್ಣ, ಯಾವತ್-ತಾವತ್, ವರ್ಗ, ಘನ, ವರ್ಗವರ್ಗ, ವಿಕಲ್ಪ. ಭಾರತೀಯ ಗಣಿತದ ಇತಿಹಾಸ ಬರೆದವರೆಲ್ಲರೂ ಈ ಪಟ್ಟಿಯನ್ನು ಉದ್ಧರಿಸಿದ್ದಾರೆ. ಆದರೆ ಪಟ್ಟಿಯಲ್ಲಿ ಹೆಸರುಗಳಿವೆಯೇ ಹೊರತು ಲಕ್ಷಣಗಳಿಲ್ಲ. ಲಕ್ಷಣವನ್ನು ವ್ಯಾಖ್ಯಾನಕಾರರಿಂದ ಪಡೆಯಬೇಕು, ಇಲ್ಲವೇ ಊಹಿಸಬೇಕು.

ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರ ಅಭಯದೇವಸೂರಿ ಈ ಹೆಸರುಗಳನ್ನು ತನ್ನ ಕಾಲದ ಲೆಕ್ಕದ ರೂಢಿಯಿಂದ ವಿವರಿಸಿದನು. ಅವನ ದೃಷ್ಟಿಯಲ್ಲಿ ರಜ್ಜುವೆಂದರೆ ಹಗ್ಗ ಹಿಡಿದು ಮಾಡುವ ಕ್ಷೇತ್ರದ ಅಳತೆ. ರಾಶಿಯೆಂದರೆ ಧಾನ್ಯದ ರಾಶಿಯ ಅಳತೆ. ಯಾವತ್-ತಾವತ್ ಎಂದರೆ ಗುಣಾಕಾರ ಅಥವಾ ಸಂಖ್ಯಾಶ್ರೇಢಿಯ ಸಂಕಲನ. ಹತ್ತನೆಯದು ಗರಗಸದಿಂದ ಮರ ಸೀಳುವ ಲೆಕ್ಕ. 1929ರಲ್ಲಿ ಬಿಭೂತಿಭೂಷಣ ದತ್ತರು ಜೈನ ಗಣಿತ ಸಂಪ್ರದಾಯವನ್ನು ಕುರಿತ ತಮ್ಮ ಪ್ರಸಿದ್ಧ ಲೇಖನದಲ್ಲಿ ಈ ವಿವರಣೆಯನ್ನು ಎಲ್ಲೆಡೆ ಒಪ್ಪಲಿಲ್ಲ. ಯಾವತ್-ತಾವತ್ ಎಂಬುದು ಮುಂದಿನ ಬೀಜಗಣಿತದಲ್ಲಿ ಅವ್ಯಕ್ತ ರಾಶಿಯ ಸಂಕೇತವಾಗಿರುವುದರಿಂದ ಅದನ್ನು ಸರಳ ಸಮೀಕರಣವೆಂದೂ, ವರ್ಗ, ಘನ, ವರ್ಗವರ್ಗಗಳನ್ನು ಕ್ರಮವಾಗಿ ಎರಡನೆಯ, ಮೂರನೆಯ, ನಾಲ್ಕನೆಯ ಘಾತದ ಸಮೀಕರಣಗಳೆಂದೂ, ವಿಕಲ್ಪವನ್ನು ಕ್ರಮಯೋಜನೆ ಮತ್ತು ವಿಕಲ್ಪಗಳ ಗಣಿತವೆಂದೂ ಅವರು ಅರ್ಥೈಸಿದರು.

ವಿಕಲ್ಪದ ವಿಷಯದಲ್ಲಿ ದತ್ತರ ಪಕ್ಷಕ್ಕೆ ಬಲವಾದ ಆಧಾರವಿದೆ. ಭಂಗಗಳನ್ನು ಎಣಿಸುವುದು ಜೈನಾಗಮಗಳ ನಿತ್ಯದ ಅಭ್ಯಾಸ. ಇಷ್ಟು ವಸ್ತುಗಳಲ್ಲಿ ಒಂದೊಂದನ್ನು, ಎರಡೆರಡನ್ನು, ಮೂರು ಮೂರನ್ನು ಆಯ್ದರೆ ಎಷ್ಟು ಬಗೆ ಎಂಬ ಗಣನೆ ಭಗವತೀಸೂತ್ರದಲ್ಲಿಯೂ ಇದೆ. ಸಮೀಕರಣಗಳ ವಿಷಯ ಹಾಗಲ್ಲ. ವರ್ಗ, ಘನ, ವರ್ಗವರ್ಗ ಎಂಬ ಮೂರು ಪದಗಳು ಸಮೀಕರಣಗಳನ್ನೇ ಹೇಳುತ್ತವೆ ಎನ್ನಲು ಪಟ್ಟಿಯಲ್ಲಿ ಏನೂ ಇಲ್ಲ. ಅವು ಸಂಖ್ಯೆಯನ್ನು ಮತ್ತೆ ಮತ್ತೆ ವರ್ಗಿಸುತ್ತ ಹೋಗುವ ಕ್ರಿಯೆಗಳೂ ಆಗಬಹುದು. ಲೋಕದ ಜೀವರಾಶಿಗಳನ್ನು, ಪ್ರದೇಶಗಳನ್ನು ಎಣಿಸಲು ಜೈನಾಚಾರ್ಯರು ಬಳಸಿದ ದೊಡ್ಡ ಸಂಖ್ಯೆಗಳು ಇಂಥ ವರ್ಗಪರಂಪರೆಯಿಂದಲೇ ಹುಟ್ಟುತ್ತವೆ ಎಂಬುದು ಈ ಎರಡನೆಯ ಅರ್ಥಕ್ಕೆ ಪೋಷಕವಾಗಿದೆ.

ಪಟ್ಟಿಯಲ್ಲಿ ಹತ್ತೇ ಏಕಿವೆ ಎಂಬುದನ್ನೂ ಪರಿಶೀಲಿಸಬೇಕು. ಸ್ಥಾನಾಂಗಸೂತ್ರವು ಲೋಕದ ಸಂಗತಿಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿದ ಗ್ರಂಥ. ಒಂದು ಬಗೆಯಾದವು ಮೊದಲನೆಯ ಸ್ಥಾನದಲ್ಲಿ, ಎರಡು ಬಗೆಯಾದವು ಎರಡನೆಯದರಲ್ಲಿ, ಹೀಗೆ ಹತ್ತರವರೆಗೆ. ಗಣಿತದ ಪಟ್ಟಿಯಿರುವುದು ಹತ್ತನೆಯ ಸ್ಥಾನದಲ್ಲಿ. ಗ್ರಂಥದ ರಚನಾಕ್ರಮವೇ ಹತ್ತನ್ನು ಅಪೇಕ್ಷಿಸುತ್ತದೆ. ಆದ್ದರಿಂದ ಇದನ್ನು ಗಣಿತಜ್ಞನೊಬ್ಬ ತನ್ನ ಶಾಸ್ತ್ರದ ಅಂಗಗಳನ್ನು ಪರಸ್ಪರ ಸೇರದಂತೆ ವಿಂಗಡಿಸಿದ ಪಟ್ಟಿಯೆನ್ನುವುದಕ್ಕಿಂತ, ಗಣಿತವೆಂಬ ಹೆಸರಿನಲ್ಲಿ ಪ್ರಚಲಿತವಾಗಿದ್ದ ಹತ್ತು ವಿಷಯಗಳ ಸ್ಮೃತಿಸಹಾಯಕ ಸೂಚಿಯೆನ್ನುವುದು ಹೆಚ್ಚು ಸರಿ. ಪರಿಕರ್ಮದೊಳಗೆ ವರ್ಗ, ಘನಗಳು ಅಡಗುತ್ತವೆ. ಆದರೂ ಅವು ಪಟ್ಟಿಯಲ್ಲಿ ಬೇರೆಯಾಗಿ ನಿಂತಿವೆ. ಶಾಸ್ತ್ರೀಯ ವರ್ಗೀಕರಣದಲ್ಲಿ ಇದು ದೋಷ, ಸೂಚಿಯಲ್ಲಿ ದೋಷವಲ್ಲ.

ಲೌಕಿಕ, ಲೋಕೋತ್ತರ

ದಿಗಂಬರ ಪರಂಪರೆಯಲ್ಲಿ ವಿಭಾಗದ ಮೊದಲ ಗೆರೆ ಬೇರೊಂದು ಕಡೆ ಬೀಳುತ್ತದೆ. ಅಲ್ಲಿ ಶಾಸ್ತ್ರಗಳೆಲ್ಲ ಪ್ರಥಮ, ಕರಣ, ಚರಣ, ದ್ರವ್ಯ ಎಂಬ ನಾಲ್ಕು ಅನುಯೋಗಗಳಲ್ಲಿ ಅಡಕವಾಗಿವೆ. ಪುರಾಣಪುರುಷರ ಕಥೆ ಪ್ರಥಮಾನುಯೋಗಕ್ಕೆ ಸೇರಿದರೆ, ಲೋಕದ ಆಕಾರ ಮತ್ತು ಪ್ರಮಾಣಗಳನ್ನು ಹೇಳುವ ಗಣಿತ ಕರಣಾನುಯೋಗಕ್ಕೆ ಸೇರುತ್ತದೆ. ಪಂಪನ ‘ಆದಿಪುರಾಣ’ವನ್ನು ಓದುವ ವಿದ್ಯಾರ್ಥಿಯೂ ತ್ರಿಲೋಕಗಳ ಅಳತೆಯನ್ನು ಓದುವ ವಿದ್ಯಾರ್ಥಿಯೂ ಒಂದೇ ಶಾಸ್ತ್ರವೃಕ್ಷದ ಎರಡು ಕೊಂಬೆಗಳ ಮೇಲಿದ್ದಾರೆ.

ಚಾವುಂಡರಾಯನ ಗುರುವಾಗಿ ಶ್ರವಣಬೆಳಗೊಳದ ಇತಿಹಾಸದೊಡನೆ ಬೆರೆತ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಹತ್ತನೆಯ ಶತಮಾನದಲ್ಲಿ ರಚಿಸಿದ ‘ತ್ರಿಲೋಕಸಾರ’ದಲ್ಲಿ ಮಾನವು, ಅಂದರೆ ಅಳತೆಯು, ಲೌಕಿಕ ಮತ್ತು ಲೋಕೋತ್ತರ ಎಂದು ಎರಡು ಬಗೆಯಾಗುತ್ತದೆ. ಲೌಕಿಕದಲ್ಲಿ ಆರು: ಕೊಳಗದಂಥ ಪಾತ್ರೆಯಿಂದ ಅಳೆಯುವ ಮಾನ, ತಕ್ಕಡಿಯಿಂದ ತೂಗುವ ಉನ್ಮಾನ, ಬೊಗಸೆಯಿಂದ ಅಳೆಯುವ ಅವಮಾನ, ಒಂದು ಎರಡು ಎಂದು ಎಣಿಸುವ ಗಣಿಮಾನ, ಗುಲಗಂಜಿಯಿಂದ ತೂಗುವ ಪ್ರತಿಮಾನ, ಕುದುರೆ ಮುಂತಾದವುಗಳ ಬೆಲೆ ಕಟ್ಟುವ ತತ್ಪ್ರತಿಮಾನ. ಲೋಕೋತ್ತರದಲ್ಲಿ ನಾಲ್ಕು: ದ್ರವ್ಯ, ಕ್ಷೇತ್ರ, ಕಾಲ, ಭಾವ. ಅವಮಾನವೆಂಬ ಪದ ಇಂದಿನ ಕನ್ನಡದಲ್ಲಿ ಪಡೆದಿರುವ ಅರ್ಥವನ್ನು ಇಲ್ಲಿ ಮರೆಯಬೇಕಾಗುತ್ತದೆ.

ಈ ಕ್ರಮದಲ್ಲಿ ಎಣಿಕೆಯೆಂಬುದು ಅಳತೆಯ ಆರು ಬಗೆಗಳಲ್ಲಿ ಒಂದು ಮಾತ್ರ. ಇಂದಿನ ಗಣಿತ ಸಂಖ್ಯೆಯಿಂದ ತೊಡಗಿ ಅಳತೆಗೆ ಬಂದರೆ, ಇಲ್ಲಿ ಅಳತೆ ಮೊದಲು, ಸಂಖ್ಯೆ ಅದರ ಒಂದು ಪ್ರಭೇದ. ಸಂಖ್ಯೆಯ ಒಳವಿಭಾಗವಂತೂ ಇನ್ನೂ ವಿಶಿಷ್ಟ. ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಸಂಖ್ಯೆ ಮೂರು ತೆರ. ಸಂಖ್ಯಾತದಲ್ಲಿ ಜಘನ್ಯ, ಮಧ್ಯಮ, ಉತ್ಕೃಷ್ಟ ಎಂದು ಮೂರು. ಅಸಂಖ್ಯಾತ ಮತ್ತು ಅನಂತಗಳು ಮೊದಲು ಪರೀತ, ಯುಕ್ತ, ಮತ್ತು ತಮ್ಮೊಡನೆ ತಾವೇ ಗುಣಿತವಾದ ಇಮ್ಮಡಿ ಹೆಸರಿನದು ಎಂದು ಮೂರಾಗಿ, ಪ್ರತಿಯೊಂದೂ ಮತ್ತೆ ಜಘನ್ಯಾದಿ ಮೂರಾಗಿ ಒಂಬತ್ತೊಂಬತ್ತಾಗುತ್ತವೆ. ಒಟ್ಟು 21. ಎಣಿಕೆ ಎರಡರಿಂದ ತೊಡಗುತ್ತದೆ. ಒಂದನ್ನು ಎಣಿಸುವ ಪ್ರಸಂಗವೇ ಇಲ್ಲವಾದ್ದರಿಂದ ಜಘನ್ಯ ಸಂಖ್ಯಾತವು ಎರಡು. ಅನಂತಗಳಲ್ಲಿಯೂ ಹೆಚ್ಚುಕಡಿಮೆಗಳಿವೆ ಎಂಬ ನಿಲುವು ಈ ವಿಭಾಗದ ಒಳಗೇ ಇದೆ.

ಇಂಥ ಸಂಖ್ಯೆಗಳನ್ನು ನಿಭಾಯಿಸಲು ವೀರಸೇನಾಚಾರ್ಯರ ‘ಧವಳಾ’ ಟೀಕೆ ಅರ್ಧಚ್ಛೇದವೆಂಬ ಪರಿಭಾಷೆಯನ್ನು ಬಳಸುತ್ತದೆ. ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧಿಸಬಹುದೋ ಅಷ್ಟು ಅದರ ಅರ್ಧಚ್ಛೇದ. 32ರ ಅರ್ಧಚ್ಛೇದ 5. ಮೂರರಿಂದ ಭಾಗಿಸಿದರೆ ತ್ರಿಕಚ್ಛೇದ, ನಾಲ್ಕರಿಂದಾದರೆ ಚತುರ್ಥಚ್ಛೇದ. ಇಂದಿನ ಲಾಗರಿದಮ್ಮಿಗೆ ಸಮನಾದ ಈ ಕಲ್ಪನೆ ಗಣಿತಗ್ರಂಥದಲ್ಲಿಲ್ಲ, ಕರ್ಮಸಿದ್ಧಾಂತದ ಟೀಕೆಯಲ್ಲಿದೆ. ಆ ಟೀಕೆಯ ಪ್ರಾಚೀನ ತಾಳೆಯೋಲೆಗಳು ಕನ್ನಡ ಲಿಪಿಯಲ್ಲಿ ಉಳಿದು ಬಂದದ್ದು ಮೂಡುಬಿದಿರೆಯಲ್ಲಿ. ಗಣಿತವೆಂಬ ಹೆಸರಿನ ಗ್ರಂಥಗಳನ್ನು ಮಾತ್ರ ಹುಡುಕುವವನಿಗೆ ಇದು ದೊರೆಯುವುದಿಲ್ಲ.

ಮಹಾವೀರಾಚಾರ್ಯರ ಎಂಟು

ಲೌಕಿಕ ಗಣಿತಕ್ಕೆ ಪ್ರತ್ಯೇಕ ಗ್ರಂಥವೊಂದನ್ನು ಕೊಟ್ಟವರು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು. ಸುಮಾರು 850ರ ‘ಗಣಿತಸಾರಸಂಗ್ರಹ’ ಖಗೋಳದ ಹಂಗಿಲ್ಲದೆ ಗಣಿತವನ್ನೇ ವಸ್ತುವಾಗಿ ಹೊಂದಿದೆ. ಅದಕ್ಕೆ ಎರಡು ಶತಮಾನಗಳಿಗೂ ಹಿಂದೆ, 628ರಲ್ಲಿ, ಬ್ರಹ್ಮಗುಪ್ತನು ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಗಣಿತಕ್ಕೆ ಮೀಸಲಿಟ್ಟದ್ದು ಮುಖ್ಯವಾಗಿ ಎರಡು ಅಧ್ಯಾಯಗಳನ್ನು. ಅವನ ಪ್ರಕಾರ ಇಪ್ಪತ್ತು ಪರಿಕರ್ಮಗಳನ್ನೂ ಎಂಟು ವ್ಯವಹಾರಗಳನ್ನೂ ಬಲ್ಲವನು ಗಣಕ. ಸಂಕಲನದಿಂದ ತೊಡಗಿ ಭಿನ್ನರಾಶಿಗಳ ಐದು ಜಾತಿ, ತ್ರೈರಾಶಿಕ, ವಿನಿಮಯದವರೆಗೆ ಪರಿಕರ್ಮಗಳು. ಮಿಶ್ರಕ, ಶ್ರೇಢಿ, ಕ್ಷೇತ್ರ, ಖಾತ, ಚಿತಿ, ಕ್ರಾಕಚಿಕ, ರಾಶಿ, ಛಾಯಾ ಎಂಬವು ವ್ಯವಹಾರಗಳು. ಪರಿಕರ್ಮವು ಕ್ರಿಯೆ, ವ್ಯವಹಾರವು ಅದರ ವಿನಿಯೋಗ ಎಂಬ ಗೆರೆ ಅಲ್ಲಿ ಸ್ಪಷ್ಟವಾಗಿದೆ. ಕುಟ್ಟಕ ಮತ್ತು ಅವ್ಯಕ್ತದ ಗಣಿತ ಇವೆರಡರ ಹೊರಗೆ, ಬೇರೊಂದು ಅಧ್ಯಾಯದಲ್ಲಿದೆ.

ಮಹಾವೀರಾಚಾರ್ಯರು ಎಂಟೆಂಬ ಸಂಖ್ಯೆಯನ್ನು ಉಳಿಸಿಕೊಂಡು ಒಳಗಿನ ಏರ್ಪಾಟನ್ನು ಬದಲಿಸಿದರು. ಸಂಜ್ಞಾಧಿಕಾರದ ನಂತರ ಬರುವ ಅವರ ಎಂಟು ವ್ಯವಹಾರಗಳು ಇವು: ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯಾ. ಬ್ರಹ್ಮಗುಪ್ತನಲ್ಲಿ ವ್ಯವಹಾರಕ್ಕೆ ಎದುರಾಗಿ ನಿಂತಿದ್ದ ಪರಿಕರ್ಮವೇ ಇಲ್ಲಿ ಮೊದಲನೆಯ ವ್ಯವಹಾರ. ಭಿನ್ನರಾಶಿ ಮತ್ತು ತ್ರೈರಾಶಿಕಗಳು ಪರಿಕರ್ಮದ ಪಟ್ಟಿಯಿಂದ ಹೊರಬಂದು ಸ್ವತಂತ್ರ ವ್ಯವಹಾರಗಳಾದವು. ಇಟ್ಟಿಗೆ ಪೇರಿಸುವ ಚಿತಿಯೂ ಮರ ಕೊಯ್ಯುವ ಕ್ರಾಕಚಿಕವೂ ಹಳ್ಳ ತೋಡುವ ಖಾತದೊಳಗೆ ಸೇರಿದವು. ಘನಫಲದ ಲೆಕ್ಕವನ್ನು ಆಶ್ರಯಿಸಿರುವುದರಿಂದ ಈ ಸೇರ್ಪಡೆಗೆ ತಕ್ಕ ಕಾರಣವಿದೆ. ಪರಿಕರ್ಮಗಳಲ್ಲಿಯೂ ಇಪ್ಪತ್ತರ ಬದಲು ಎಂಟೇ ಉಳಿದವು. ಮೊದಲನೆಯದು ಗುಣಾಕಾರ. ಸಾಮಾನ್ಯ ಕೂಡುವಿಕೆ ಕಳೆಯುವಿಕೆಗಳನ್ನು ಅವರು ಹೇಳುವ ಗೋಜಿಗೇ ಹೋಗಲಿಲ್ಲ. ಸಂಕಲನವೆಂದರೆ ಅವರಲ್ಲಿ ಶ್ರೇಢಿಯ ಮೊತ್ತ.

ಈ ಗ್ರಂಥದ ಆದಿಯಲ್ಲಿ ಲೌಕಿಕ, ವೈದಿಕ, ಸಾಮಯಿಕ ವ್ಯಾಪಾರಗಳೆಲ್ಲದರಲ್ಲಿ ಗಣಿತದ ಉಪಯೋಗವನ್ನು ಹೇಳುವಾಗ ಅರ್ಥಶಾಸ್ತ್ರ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತುಗಳ ಜೊತೆಗೆ ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣಗಳನ್ನೂ ಅವರು ಹೆಸರಿಸುತ್ತಾರೆ. ವ್ಯವಹಾರವೆಂಬ ಪದವನ್ನು ಎಷ್ಟು ವಿಶಾಲವಾಗಿ ತಿಳಿದಿದ್ದರೆಂಬುದು ಇದರಿಂದ ವ್ಯಕ್ತವಾಗುತ್ತದೆ. ಇಂದಿನ ಕನ್ನಡದಲ್ಲಿ ಅದು ವ್ಯಾಪಾರಕ್ಕೂ ಕೋರ್ಟಿನ ತಕರಾರಿಗೂ ಸಂಕೋಚಗೊಂಡಿದೆ.

ಕ್ಷೇತ್ರವ್ಯವಹಾರದ ಒಳವಿಂಗಡಣೆ ಇನ್ನಷ್ಟು ಸೂಕ್ಷ್ಮವಾದದ್ದು. ಆಕಾರದ ದೃಷ್ಟಿಯಿಂದ ತ್ರಿಭುಜ ಮೂರು, ಚತುರ್ಭುಜ ಐದು, ವೃತ್ತ ಎಂಟು, ಒಟ್ಟು 16. ವೃತ್ತಗಳಲ್ಲಿ ಸಮವೃತ್ತ, ಅರ್ಧವೃತ್ತಗಳಷ್ಟೇ ಅಲ್ಲದೆ ಉದ್ದವಾದ ಆಯತವೃತ್ತ, ಶಂಖದ ಆಕಾರದ ಕಂಬುಕವೃತ್ತ, ತಗ್ಗಿದ ನಿಮ್ನವೃತ್ತ, ಉಬ್ಬಿದ ಉನ್ನತವೃತ್ತ, ಹೊರಗಿನ ಮತ್ತು ಒಳಗಿನ ಚಕ್ರವಾಳಗಳೂ ಸೇರುತ್ತವೆ. ಇದಕ್ಕೆ ಅಡ್ಡಲಾಗಿ ಇನ್ನೊಂದು ವಿಂಗಡಣೆ ಇದೆ. ಸ್ಥೂಲವಾಗಿ ಸಾಕಾಗುವ ವ್ಯಾವಹಾರಿಕ ಗಣಿತ, ನಿಖರವಾದ ಸೂಕ್ಷ್ಮ ಗಣಿತ, ಇಚ್ಛಿತ ಅಳತೆಗಳ ಆಕೃತಿಯನ್ನು ಹುಟ್ಟಿಸುವ ಜನ್ಯ, ಪಿಶಾಚದಂತೆ ಕಾಡುವ ಪೈಶಾಚಿಕ. ವೃತ್ತದ ಪರಿಧಿ ವ್ಯಾವಹಾರಿಕದಲ್ಲಿ ವ್ಯಾಸದ ಮೂರರಷ್ಟು. ಸೂಕ್ಷ್ಮದಲ್ಲಿ ವ್ಯಾಸದ ಹತ್ತರ ವರ್ಗಮೂಲದಷ್ಟು. ವಸ್ತು ಒಂದೇ, ಬೇಕಾದ ನಿಖರತೆಗೆ ತಕ್ಕಂತೆ ಅದು ಎರಡು ವಿಭಾಗಗಳಲ್ಲಿ ಬರುತ್ತದೆ. ಜಮೀನಿನ ಅಳತೆಗಾರನಿಗೆ ಒಂದು, ಶಾಸ್ತ್ರಜ್ಞನಿಗೆ ಇನ್ನೊಂದು. ಕ್ಷೇತ್ರವೆಂದರೆ ಹೊಲವೂ ಹೌದು ಎಂಬುದು ಇಲ್ಲಿ ಜೀವಂತವಾಗಿದೆ. ರೇಖೆಯಿಂದ ಹೊರಡುವ ಯೂಕ್ಲಿಡನ ಶಾಸ್ತ್ರಕ್ಕೂ ಹೊಲದಿಂದ ಹೊರಡುವ ಈ ಶಾಸ್ತ್ರಕ್ಕೂ ಹೆಸರಿನಲ್ಲಿಯೇ ಭೇದವಿದೆ.

ಹೆಸರಿಲ್ಲದೆ ಇರುವ ಶಾಖೆಗಳು

ಗಣಿತಸಾರಸಂಗ್ರಹದಲ್ಲಿ ಬೀಜಗಣಿತವೆಂಬ ಅಧ್ಯಾಯವಿಲ್ಲ. ಹಾಗೆಂದು ಅದರ ವಿಷಯ ಇಲ್ಲವೆನ್ನುವಂತಿಲ್ಲ. ಒಂಟೆಗಳ ಹಿಂಡೊಂದರ ಕಾಲುಭಾಗ ಕಾಡಿನಲ್ಲಿ ಕಾಣಿಸಿತು, ಒಟ್ಟು ಸಂಖ್ಯೆಯ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋದವು, ಹದಿನೈದು ನದಿಯ ದಡದಲ್ಲಿ ಉಳಿದವು, ಹಿಂಡಿನಲ್ಲಿ ಎಷ್ಟು ಎಂಬ ಪ್ರಶ್ನೆ ಪ್ರಕೀರ್ಣಕ ವ್ಯವಹಾರದಲ್ಲಿದೆ. ಉತ್ತರ 36: ಕಾಡಿನಲ್ಲಿ 9, ತಪ್ಪಲಿನಲ್ಲಿ 12, ದಡದಲ್ಲಿ 15. ಇಂದಿನ ವಿದ್ಯಾರ್ಥಿ ಇದನ್ನು ವರ್ಗಸಮೀಕರಣವಾಗಿ ಬಿಡಿಸುತ್ತಾನೆ. ಮಹಾವೀರಾಚಾರ್ಯರಿಗೆ ಇದು ಭಿನ್ನರಾಶಿಯ ಲೆಕ್ಕದ ಮುಂದುವರಿಕೆ. ಭಾಗ, ಶೇಷ, ಮೂಲ, ಶೇಷಮೂಲ ಮೊದಲಾಗಿ ಪ್ರಕೀರ್ಣಕದ ಹತ್ತು ಜಾತಿಗಳು ಪ್ರಶ್ನೆಯಲ್ಲಿ ತಿಳಿಯದ ರಾಶಿ ಯಾವ ರೂಪದಲ್ಲಿ ಬರುತ್ತದೆ ಎಂಬುದರ ಮೇಲೆ ನಿಂತಿವೆ. ಸಮೀಕರಣದ ಘಾತವೆಂಬ ಮಾನದಂಡ ಅಲ್ಲಿಲ್ಲ. ಇದನ್ನು ಕಂಡ ಮೇಲೆ ಸ್ಥಾನಾಂಗದ ವರ್ಗ, ಘನಗಳನ್ನು ಸಮೀಕರಣಗಳೆಂದು ಓದುವುದಕ್ಕೆ ಇನ್ನಷ್ಟು ಅಳುಕಬೇಕಾಗುತ್ತದೆ. ಎರಡು ಗ್ರಂಥಗಳು ಬೇರೆ ಬೇರೆ ಸಂಪ್ರದಾಯಕ್ಕೆ ಸೇರಿದವು, ನಿಜ. ಆದರೆ ಒಂಬತ್ತನೆಯ ಶತಮಾನದ ಪ್ರೌಢ ಗಣಿತಜ್ಞನೇ ಹಾಕದ ಗೆರೆಯನ್ನು ಅದಕ್ಕಿಂತ ಪ್ರಾಚೀನವಾದ ಸೂಚಿಯೊಂದರಲ್ಲಿ ಕಾಣಲು ಪ್ರತ್ಯೇಕ ಪ್ರಮಾಣ ಬೇಕು.

ವಿಕಲ್ಪದ ಕಥೆ ಇದಕ್ಕೆ ಪೂರಕ. ಸ್ಥಾನಾಂಗದಲ್ಲಿ ಸ್ವತಂತ್ರ ಹೆಸರು ಪಡೆದ ಈ ವಿಷಯ ಗಣಿತಸಾರಸಂಗ್ರಹದಲ್ಲಿ ಹೆಸರು ಕಳೆದುಕೊಂಡು ಮಿಶ್ರಕ ವ್ಯವಹಾರದಲ್ಲಿ ಸೇರಿಕೊಂಡಿದೆ. ಬಡ್ಡಿಯ ಲೆಕ್ಕ, ಚಿನ್ನದ ಬಣ್ಣದ ಲೆಕ್ಕ, ಕುಟ್ಟೀಕಾರಗಳ ನಡುವೆ ಹೀಗೊಂದು ಸೂತ್ರ ಬರುತ್ತದೆ: ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆಯುವ ಬಗೆಗಳ ಸಂಖ್ಯೆ ಎಷ್ಟು? ಉದಾಹರಣೆ ಷಡ್ರಸಗಳದು. ಆರು ರಸಗಳನ್ನು ಒಂದೊಂದಾಗಿ ತೆಗೆದರೆ 6, ಎರಡೆರಡಾಗಿ 15, ಮೂರು ಮೂರಾಗಿ 20, ನಾಲ್ಕು ನಾಲ್ಕಾಗಿ 15, ಐದೈದಾಗಿ 6, ಆರನ್ನೂ ಕೂಡಿಸಿ 1, ಒಟ್ಟು 63. ಸಾಮಾನ್ಯ ಸೂತ್ರರೂಪದಲ್ಲಿ ಇದನ್ನು ಹೇಳಿದ ಶ್ರೇಯ ಮಹಾವೀರಾಚಾರ್ಯರಿಗೆ ಸಲ್ಲುತ್ತದೆ. ಮಿಶ್ರಕದ ಕೊನೆಯಲ್ಲಿ ಛಂದಸ್ಸಿನ ಪ್ರಸ್ತಾರ, ನಷ್ಟ, ಉದ್ದಿಷ್ಟಗಳ ಸೂತ್ರಗಳೂ ಇವೆ. ಮುಂದೆ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಅಂಕಪಾಶವೆಂಬ ಪ್ರತ್ಯೇಕ ಪ್ರಕರಣ ಕಾಣಿಸಿತು, 1356ರಲ್ಲಿ ನಾರಾಯಣ ಪಂಡಿತನ ‘ಗಣಿತಕೌಮುದಿ’ಯಲ್ಲಿ ಅದು ದೊಡ್ಡ ಅಧ್ಯಾಯವಾಯಿತು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ವಿಷಯ ಪರಕೀಯವಲ್ಲ. ನಾಗವರ್ಮನ ‘ಛಂದೋಂಬುಧಿ’ಯ ಷಟ್ಪ್ರತ್ಯಯಗಳೂ ಜಯಕೀರ್ತಿಯ ‘ಛಂದೋನುಶಾಸನ’ದ ಕೊನೆಯ ಅಧಿಕಾರವೂ ಇದೇ ಗಣಿತ. ಗುರು ಲಘುಗಳ ಪ್ರಸ್ತಾರವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವವನು ವಿಕಲ್ಪಗಣಿತವನ್ನೇ ಮಾಡುತ್ತಿರುತ್ತಾನೆ. ಛಂದಸ್ಸನ್ನು ಸಾಹಿತ್ಯವಿಭಾಗಕ್ಕೂ ಮಿಶ್ರಕವನ್ನು ಗಣಿತವಿಭಾಗಕ್ಕೂ ಹಂಚಿಕೊಟ್ಟ ಮೇಲೆ, ಈ ಎರಡನ್ನೂ ಒಟ್ಟಿಗಿಟ್ಟು ಓದುವವರು ವಿರಳರಾದರು.

ಕನ್ನಡಕ್ಕೆ ಬಂದಾಗ

ಮಹಾವೀರಾಚಾರ್ಯರ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಕನ್ನಡದಲ್ಲಿ ಗಣಿತವನ್ನು ಗ್ರಂಥವಾಗಿ ನಿಲ್ಲಿಸಿದವನು ಹೊಯ್ಸಳರ ಕಾಲದ ಜೈನಕವಿ ರಾಜಾದಿತ್ಯ. ಅವನ ಹೆಸರಿನಲ್ಲಿ ಹೇಳುವ ಕೃತಿಗಳು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ವ್ಯವಹಾರರತ್ನ’, ‘ಲೀಲಾವತಿ’, ‘ಚಿತ್ರಹಸುಗೆ’, ‘ಜೈನಗಣಿತಸೂತ್ರಟೀಕೋದಾಹರಣ’. ಮಹಾವೀರಾಚಾರ್ಯರಲ್ಲಿ ಕ್ಷೇತ್ರವು ಎಂಟು ವ್ಯವಹಾರಗಳಲ್ಲಿ ಒಂದು. ರಾಜಾದಿತ್ಯನಲ್ಲಿ ವ್ಯವಹಾರವೂ ಕ್ಷೇತ್ರವೂ ಬೇರೆ ಬೇರೆ ಗ್ರಂಥಗಳು. ಮೂರನೆಯ ಸಲ ಗೆರೆ ಸರಿದಿದೆ. ವ್ಯವಹಾರವು ಕೊಡುಕೊಳ್ಳುವ ಲೆಕ್ಕದ ಕಡೆಗೆ, ಕ್ಷೇತ್ರವು ಅಳತೆಯ ಕಡೆಗೆ ವಾಲಿದೆ. ತ್ರೈರಾಶಿಕ, ಪಂಚರಾಶಿಕ, ಸಪ್ತರಾಶಿಕ, ನವರಾಶಿಕಗಳಿಗೆ ‘ವ್ಯವಹಾರಗಣಿತ’ದಲ್ಲಿ ದೊರೆತ ಸ್ಥಾನವೂ ಇದನ್ನೇ ಸೂಚಿಸುತ್ತದೆ. ಪಾಲು, ವಿಭಾಗ ಎಂಬ ಅರ್ಥದ ಹಸುಗೆಯೆಂಬ ದೇಸಿಪದ ಒಂದು ಗ್ರಂಥದ ಹೆಸರಿಗೇರಿದ್ದು, ಊರಿನ ಹಂಚಿಕೆಯ ಲೆಕ್ಕ ಶಾಸ್ತ್ರದೊಳಗೆ ಬಂದುದರ ಗುರುತು.

ಸಾಹಿತ್ಯಚರಿತ್ರೆಗಳಲ್ಲಿ ರಾಜಾದಿತ್ಯನಿಗೆ ದೊರೆಯುವುದು ಶಾಸ್ತ್ರಸಾಹಿತ್ಯದ ತಲೆಬರಹದ ಕೆಳಗೆ ಕೆಲವು ಸಾಲು. ಗಣಿತದ ಚರಿತ್ರೆಗಳಲ್ಲಿ ಅವನು ಕನ್ನಡ ಕವಿ. ಎರಡೂ ಕಡೆ ಅವನು ಅಂಚಿನಲ್ಲಿದ್ದಾನೆ. ಇದಕ್ಕೆ ಕಾರಣ ಅವನ ಕೃತಿಯ ಗುಣವಲ್ಲ, ಓದುಗರು ಹಿಡಿದುಕೊಂಡು ಬರುವ ವಿಂಗಡಣೆ. 1912ರಲ್ಲಿ ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಗಣಿತಸಾರಸಂಗ್ರಹವನ್ನು ಪ್ರಕಟಿಸಿದ ಮೇಲೆ ಆ ಗ್ರಂಥ ಗಣಿತಜ್ಞರಿಗೆ ದೊರೆಯಿತು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಪ್ರಕಟವಾದ ಮೇಲೆ ಕನ್ನಡ ಓದುಗರಿಗೂ ದೊರೆತಿದೆ. ಈಗ ಸಂಶೋಧಕರ ಮುಂದಿರುವ ಕೆಲಸ ಸ್ಪಷ್ಟ. ಛಂದೋಗ್ರಂಥಗಳ ಪ್ರತ್ಯಯಭಾಗವನ್ನು ಮಿಶ್ರಕ ವ್ಯವಹಾರದೊಡನೆ, ಧವಳಾ ಟೀಕೆಯ ಗಣನಾಭಾಗವನ್ನು ತ್ರಿಲೋಕಸಾರದ ಮಾನಪ್ರಕರಣದೊಡನೆ, ರಾಜಾದಿತ್ಯನ ಉದಾಹರಣೆಗಳನ್ನು ಮಹಾವೀರಾಚಾರ್ಯರ ಉದಾಹರಣೆಗಳೊಡನೆ ಎದುರುಬದುರಾಗಿಟ್ಟು ನೋಡಬೇಕು. ಆಗ ಪ್ರತಿಯೊಂದು ಗ್ರಂಥವೂ ತನ್ನ ತಲೆಬರಹಗಳನ್ನು ಏಕೆ ಹಾಗೆ ಇಟ್ಟುಕೊಂಡಿತು ಎಂಬುದು ಅದರದೇ ಮಾತಿನಲ್ಲಿ ತಿಳಿಯುತ್ತದೆ. ಅಂಕ, ಬೀಜ, ರೇಖೆಗಳ ಶಾಖೆಗಳಿಗೆ ಅವನ್ನು ಹೊಂದಿಸುವ ಕೆಲಸವೇನಿದ್ದರೂ ಆಮೇಲಿನದು.